ಮನೆಗೊಂದೇ ಫೋನ್ ಇದ್ದಾಗ

ಮಕ್ಕಳ ಅಂತರ್ಜಾಲ ಸುರಕ್ಷತೆಯ ಕುರಿತ ಹೆಚ್ಚಿನ ಸಲಹೆಗಳು ಮಗುವಿಗೆ ಅದರದೇ ಫೋನ್, ಅದರದೇ ಖಾತೆ ಇದೆ ಎಂಬ ಲೆಕ್ಕದಲ್ಲಿ ಸಿದ್ಧವಾದವು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇರುವುದು ಅಪ್ಪನದೋ ಅಮ್ಮನದೋ ಒಂದೇ ಫೋನ್. 2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈಗೆ ಹೋದ ಆ ಫೋನ್ ಶಾಲೆ ತೆರೆದ ಮೇಲೂ ಪೂರ್ತಿ ಹಿಂದಿರುಗಲಿಲ್ಲ. ಹೋಂವರ್ಕ್ ಇವತ್ತಿಗೂ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೇ ಬೀಳುತ್ತದೆ. ಪೋಷಕರ ಸಭೆಗಳಲ್ಲಿ ಈ ಲೇಖಕ ಕಂಡ ತೊಡಕುಗಳ ಬುಡ ಬಹುತೇಕ ಇಲ್ಲೇ ಇದೆ.

ಯೂಟ್ಯೂಬ್, ಪ್ಲೇ ಸ್ಟೋರ್‌ಗಳು ವಯಸ್ಸನ್ನು ಮುಖ್ಯವಾಗಿ ತಿಳಿಯುವುದು ಲಾಗಿನ್ ಆಗಿರುವ ಖಾತೆಯಿಂದ. ಅಪ್ಪನ ಜಿಮೇಲ್ ಇದ್ದರೆ ಅವುಗಳ ಪಾಲಿಗೆ ನೋಡುತ್ತಿರುವವರು ನಲವತ್ತರ ಗೃಹಸ್ಥರೇ ಹೊರತು ಮೂರನೇ ಕ್ಲಾಸಿನ ಹುಡುಗಿಯಲ್ಲ. ಇಂಥ ಫೋನಿಗೆ ಒಗ್ಗುವ ಉಪಾಯಗಳೂ ಇವೆ. ಆಂಡ್ರಾಯ್ಡ್‌ನ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ನಿಂಗ್ ಎಂಬುದೊಂದಿದೆ (ಕೆಲವು ಕಂಪನಿಗಳ ಫೋನಿನಲ್ಲಿ ಹೆಸರು ಬೇರೆ). ಅದನ್ನು ಆನ್ ಮಾಡಿ, ಪಿನ್ ಕೇಳುವಂತೆ ಇಟ್ಟು, ಬೇಕಾದ ಆ್ಯಪನ್ನು ಪಿನ್ ಮಾಡಿ ಕೊಟ್ಟರೆ ಮಗು ಆ ಆ್ಯಪ್ ಬಿಟ್ಟು ಬೇರೆಡೆ ಹೋಗಲಾಗದು. ಪ್ಲೇ ಸ್ಟೋರ್‌ನ ಪೇರೆಂಟಲ್ ಕಂಟ್ರೋಲ್‌ಗೂ ಪ್ರತ್ಯೇಕ ಪಿನ್ ಉಂಟು. ಆದರೆ ಅದು ತಡೆಯುವುದು ವಯಸ್ಸಿಗೆ ಮೀರಿದ ಆ್ಯಪ್‌ಗಳನ್ನು ಮಾತ್ರ. ಕ್ರೋಮ್‌ನಲ್ಲಿ ಏನು ಹುಡುಕುತ್ತಾರೆ ಎಂಬುದು ಅದರ ವ್ಯಾಪ್ತಿಗೆ ಬರದು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡದಿದ್ದರೆ ಗೇಮಿನೊಳಗಿನ ನಾಣ್ಯಗಳಾದ ಡೈಮಂಡ್‌ಗಳಿಗೆ ದುಡ್ಡು ಸದ್ದಿಲ್ಲದೆ ಹೋಗಬಹುದು.

ಈ ಪಿನ್‌ಗಳನ್ನು ಇಡುವವರು ಯಾರು ಎಂಬುದೇ ಮುಂದಿನ ಪ್ರಶ್ನೆ. "ನಂಗೆ ತಿಳಿಯಲ್ಲ ಸರ್, ಎಲ್ಲಾ ಮಗನೇ ಹಾಕ್ಕೊಟ್ಟಿರೋದು" ಎನ್ನುವ ತಾಯಂದಿರು ಕಡಿಮೆಯಿಲ್ಲ. ಯುಪಿಐ ಪಿನ್ ಕೂಡ ಆ ಮಗನಿಗೆ ಬಾಯಿಪಾಠ. ಕಳ್ಳನ ಕೈಗೆ ಕೀಲಿ ಕೊಟ್ಟಂತೆ ಎನ್ನಬಹುದಿತ್ತು, ಹುಡುಗ ಕಳ್ಳನಲ್ಲ ಅಷ್ಟೆ. ಇನ್ನು ಹುಟ್ಟಿದ ವರ್ಷ ಹಿಂದೆ ಹಾಕಿ ಇನ್‌ಸ್ಟಾಗ್ರಾಮ್ ಖಾತೆಯನ್ನು ತಾವೇ ತೆರೆದುಕೊಡುವ ಅಪ್ಪಂದಿರೂ ಇದ್ದಾರೆ. ಅಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕು. 18ರೊಳಗಿನವರ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಅಪರಿಚಿತರ ಮೆಸೇಜ್‌ಗೆ ತಡೆ ಇರುತ್ತದೆ. 18 ದಾಟಿದಂತೆ ಸುಳ್ಳು ವರ್ಷ ಹಾಕಿದ ಮಗುವಿಗೆ ಈ ರಕ್ಷಣೆ ತಪ್ಪಿಹೋಗಬಹುದು.

ಸೆಟ್ಟಿಂಗ್ಸ್‌ಗೆ ಸಿಗದ ಅಪಾಯವೇ ದೊಡ್ಡದು. ಗೇಮಿನ ಚಾಟ್‌ನಲ್ಲಿ ಪರಿಚಯವಾದವನು ಮೊದಲು ಆಟ ಹೊಗಳುತ್ತಾನೆ, ಒಂದು ಸ್ಕಿನ್ (ಆಟದ ಪಾತ್ರದ ವೇಷ) ಉಡುಗೊರೆ ಕೊಡುತ್ತಾನೆ, ಆಮೇಲೆ ವಾಟ್ಸ್‌ಆ್ಯಪ್ ನಂಬರ್ ಕೇಳುತ್ತಾನೆ. ಮಾತು ಖಾಸಗಿಯಾದ ಮೇಲೆ ಫೋಟೊ ಬೇಕೆನ್ನುತ್ತಾನೆ. ಫೋಟೊ ಸಿಕ್ಕ ಮೇಲೆ ಅವನ ಬಂಡವಾಳ ಒಂದೇ ವಾಕ್ಯ: "ನಿಮ್ಮಪ್ಪನಿಗೆ ಕಳಿಸ್ತೀನಿ." ಈ ಬೆದರಿಕೆಗೆ ಬಲ ಬರುವುದು ಮನೆಯವರ ಕೋಪದಿಂದ. ಹೇಳಿದರೆ ಬೈಗುಳ, ಫೋನ್ ಕಿತ್ತುಕೊಳ್ಳುವುದು, ಹೆಣ್ಣುಮಗಳಾದರೆ ಓದನ್ನೇ ಬಿಡಿಸುವ ಮಾತು. ಮಕ್ಕಳಿಗೆ ಇದೆಲ್ಲ ಮೊದಲೇ ಗೊತ್ತು. ಹಾಗಾಗಿ ಯಾವುದೇ ಆ್ಯಪ್‌ಗಿಂತ ಮುಂಚೆ ಮನೆಯಲ್ಲಿ ಆಗಬೇಕಾದ ಕರಾರೆಂದರೆ, ಬಂದು ಹೇಳಿದ್ದಕ್ಕಾಗಿ ಫೋನ್ ಕಿತ್ತುಕೊಳ್ಳುವುದಿಲ್ಲ ಎಂಬುದು. ಪೋಷಕರು ಇದನ್ನು ಒಪ್ಪುವುದು ಕಷ್ಟ. ಫೋನ್ ಕಿತ್ತುಕೊಳ್ಳುವುದೇ ಶಿಸ್ತು ಎಂದು ನಂಬಿದವರು ಹೆಚ್ಚು, ಆ ನಂಬಿಕೆಯೇ ಬೆದರಿಸುವವನಿಗೆ ಅನುಕೂಲ.

ಮಗು ಬಂದು ಹೇಳಿದ ಮೇಲೆ ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಬಿಡುವುದು ಸಾಮಾನ್ಯ ತಪ್ಪು. ಚಾಟ್, ನಂಬರ್, ಪ್ರೊಫೈಲ್‌ಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಬೇಕು. ಬೆದರಿಸುವವನು ದುಡ್ಡು ಕೇಳಿದರೆ ಕೊಡಬಾರದು, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮಕ್ಕಳ ಸಹಾಯವಾಣಿ 1098. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಕುರಿತು ಹೆಸರು ಹೇಳದೆಯೂ ದೂರು ಕೊಡಬಹುದು. ಚಿತ್ರವನ್ನು ಮಾತ್ರ ಯಾರಿಗೂ, ಸಾಕ್ಷಿಗೆಂದು ನೆಂಟರ ಗ್ರೂಪಿಗೂ ಕಳಿಸಬಾರದು. ಮಕ್ಕಳ ಅಂಥ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಚಿತ್ರ ಹರಡುವ ಭಯವಿದ್ದರೆ ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಅದಕ್ಕೆ ಚಿತ್ರವನ್ನು ಕಳಿಸಬೇಕಿಲ್ಲ. ಚಿತ್ರದ ಡಿಜಿಟಲ್ ಗುರುತು ಫೋನಿನಲ್ಲೇ ತಯಾರಾಗುತ್ತದೆ, ಆ ಗುರುತಿನ ಆಧಾರದ ಮೇಲೆ ಈ ಯೋಜನೆಗೆ ಸೇರಿದ ಜಾಲತಾಣಗಳು ಅದನ್ನು ಹುಡುಕಿ ತೆಗೆಯುತ್ತವೆ.