ಮೂರು ನಕ್ಷತ್ರಗಳ ಹಿಸಾಬ್

ಜೂನ್ ರಾತ್ರಿ ಬಿ.ಜಿ. ಕೆರೆಯಿಂದ ಉತ್ತರಕ್ಕೆ ನೋಡಿದರೆ ಡ್ರೇಕೋ ನಕ್ಷತ್ರಪುಂಜ ಕಾಣುತ್ತದೆ. ಅದೇ ದಿಕ್ಕಿನಲ್ಲಿ, ಬಹು ದೂರದಲ್ಲಿ, ನಮ್ಮ ಕ್ಷೀರಪಥವನ್ನು ಸುತ್ತುವ ಪುಟ್ಟ ಗೆಲಾಕ್ಸಿಯೊಂದಿದೆ, ಬರಿಗಣ್ಣಿಗೆ ಕಾಣದು. 1983ರಲ್ಲಿ ಮಾರ್ಕ್ ಆರನ್ಸನ್ ಅದರ ಮೂರು ನಕ್ಷತ್ರಗಳ ವೇಗ ಅಳೆದರು. ಕಾಣುವ ನಕ್ಷತ್ರಗಳ ಗುರುತ್ವ ಅಷ್ಟು ವೇಗವನ್ನು ಹಿಡಿದಿಡಲಾರದು. ಕಾಮರ್ಸ್‌ನವರಿಗೆ ಇದು ಸುಲಭ: ತೋರಿಸಿದ ಆದಾಯಕ್ಕಿಂತ ಖರ್ಚು ಹೆಚ್ಚಿದ್ದರೆ ಎಲ್ಲೋ ಬಚ್ಚಿಟ್ಟ ಹಣವಿದೆ. ನಮ್ಮ ಮನೆಯ ಮಾತಿನಲ್ಲಿ, ಹಿಸಾಬ್ ಕೂಡಲಿಲ್ಲ. ಇಲ್ಲಿ ಬಚ್ಚಿಟ್ಟಿರುವುದು ಡಾರ್ಕ್ ಮ್ಯಾಟರ್.

ಮೂರೇ ವೋಚರ್ ನೋಡಿ ಆಡಿಟ್ ಮುಗಿಸಬಹುದೇ? ಅನುಮಾನ ನ್ಯಾಯವೇ. ಆದರೆ ಮುಂದೆ ನೂರಾರು ನಕ್ಷತ್ರ ಅಳೆದಾಗಲೂ ಉತ್ತರ ಅದೇ.

ಡಾರ್ಕ್ ಮ್ಯಾಟರ್ ಕಣಗಳು ಡಿಕ್ಕಿಯಾಗಿ ನಾಶವಾದರೆ ಗಾಮಾ ಕಿರಣ ಬರಬೇಕು. ಸಣ್ಣ ಗೆಲಾಕ್ಸಿಗಳಲ್ಲಿ ಬೇರೆ ಗದ್ದಲ ಕಡಿಮೆ. ಫರ್ಮಿ ದೂರದರ್ಶಕ ಅಲ್ಲಿ ಹುಡುಕಿತು. ಖಚಿತವಾಗಿ ಏನೂ ಸಿಗಲಿಲ್ಲ. ಆದರೂ ಸಂಶಯಿತರ ಪಟ್ಟಿ ಚಿಕ್ಕದಾಗಿದೆ.