ಪಿತ್ತಾಮ್ಲಗಳು ಮತ್ತು ರೋಗನಿರೋಧಕ ವ್ಯವಸ್ಥೆ: ಬೋಧಕರಿಗೊಂದು ವಿಷಯ ಪುಷ್ಟೀಕರಣ

ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ ಪಿತ್ತರಸಕ್ಕೆ ದೊರೆಯುವುದು ಕೆಲವೇ ವಾಕ್ಯ. ಯಕೃತ್ತು ಅದನ್ನು ಸ್ರವಿಸುತ್ತದೆ, ಅದು ಕೊಬ್ಬಿನ ದೊಡ್ಡ ಗೋಲಗಳನ್ನು ಚಿಕ್ಕದಾಗಿ ಒಡೆಯುತ್ತದೆ. ಪ್ರಶಿಕ್ಷಣಾರ್ಥಿಗಳು ಎಣ್ಣೆ, ಸಾಬೂನು ನೀರು ಕುಲುಕಿ ತೋರಿಸಿ ಮುಂದಕ್ಕೆ ಹೋಗುತ್ತಾರೆ. ಪ್ರಯೋಗ ಒಳ್ಳೆಯದೇ. ಆದರೆ ‘ಕೊಬ್ಬು ಒಡೆದ ಮೇಲೆ ಆ ರಸ ಎಲ್ಲಿಗೆ ಹೋಗುತ್ತದೆ ಸಾರ್?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದರೆ ಸಾಬೂನಿನ ಹೋಲಿಕೆ ಸಾಲದು.

ಮೊದಲು ಪದವನ್ನು ಬಿಡಿಸಿಕೊಳ್ಳಬೇಕು. ಮಕ್ಕಳು ಮನೆಯಲ್ಲಿ ಕೇಳಿರುವ ‘ಪಿತ್ತ’ ಬೇರೆ: ತಲೆ ಸುತ್ತಿದರೆ ಪಿತ್ತ, ಸಿಟ್ಟು ಬಂದರೆ ಪಿತ್ತ ನೆತ್ತಿಗೇರಿತು. ಕಾಮಾಲೆಯ ಹಳದಿಯೂ ಪಿತ್ತಾಮ್ಲದ್ದಲ್ಲ, ಬಿಲಿರುಬಿನ್ ಎಂಬ ವರ್ಣದ್ರವ್ಯದ್ದು. ಇವೆರಡನ್ನೂ ಹಲಗೆಯ ಮೇಲೆ ಬರೆದೇ ಮುಂದುವರಿಯುವುದು ಲೇಸು. ಮನೆಯಲ್ಲಿ ಕಾಮಾಲೆ ರೋಗಿ ಇರುವ ಮಗು ತರಗತಿಯಲ್ಲಿರಬಹುದು. ಪಥ್ಯ, ಔಷಧಿ ಹೇಳುವುದು ನಮ್ಮ ಕೆಲಸವಲ್ಲ.

ಈಗ ಪ್ರಶ್ನೆಗೆ ಬರೋಣ. ಯಕೃತ್ತು ಕೊಲೆಸ್ಟರಾಲ್‌ನಿಂದ ಕೋಲಿಕ್ ಆಮ್ಲ, ಕೀನೋಡಿಆಕ್ಸಿಕೋಲಿಕ್ ಆಮ್ಲಗಳನ್ನು ತಯಾರಿಸುತ್ತದೆ. ಕೆಲಸ ಮುಗಿದ ಮೇಲೆ ಸುಮಾರು ಶೇ. 95ರಷ್ಟು ಪಿತ್ತಾಮ್ಲ ಹೆಚ್ಚಾಗಿ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಟ್ಟು ರಕ್ತದ ಮೂಲಕ ಯಕೃತ್ತಿಗೆ ಮರಳುತ್ತದೆ. ಉಳಿದ ಅಲ್ಪ ಭಾಗ ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಗಳು ಅದನ್ನು ಡಿಆಕ್ಸಿಕೋಲಿಕ್, ಲಿಥೋಕೋಲಿಕ್ ಆಮ್ಲಗಳಾಗಿ ಮಾರ್ಪಡಿಸುತ್ತವೆ. ಇವು ದ್ವಿತೀಯಕ ಪಿತ್ತಾಮ್ಲಗಳು. ಪಾಠದ ತಿರುಳು ಇಲ್ಲಿದೆ.

ಪಿತ್ತಾಮ್ಲವನ್ನು ಗುರುತಿಸುವ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕ 1999ರಲ್ಲಿ ತಿಳಿದುಬಂತು, ಟಿಜಿಆರ್5 ಆಮೇಲೆ. ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳ ಮೇಲೂ ಟಿಜಿಆರ್5 ಇದೆ. ಪಿತ್ತಾಮ್ಲ ಅದಕ್ಕೆ ಅಂಟಿದಾಗ ಆ ಕೋಶಗಳು ಉರಿಯೂತದ ಸಂಕೇತಗಳನ್ನು ಕಡಿಮೆ ಬಿಡುತ್ತವೆ. 2019ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ ಲಿಥೋಕೋಲಿಕ್ ಆಮ್ಲದ ಒಂದು ರೂಪ ಉರಿಯೂತ ಹೆಚ್ಚಿಸುವ ಟಿ ಕೋಶಗಳನ್ನು ತಡೆಯಿತು. ಇನ್ನೊಂದು ರೂಪ ಅವುಗಳಿಗೆ ಲಗಾಮು ಹಾಕುವ ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸಿತು.

ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಕಾಯಿಲೆಗಳಲ್ಲಿ ಅನೇಕ ರೋಗಿಗಳ ಕರುಳಿನಲ್ಲಿ ದ್ವಿತೀಯಕ ಆಮ್ಲ ಕಡಿಮೆ ಕಂಡುಬರುತ್ತದೆ. ಉರಿಯೂತ ಬ್ಯಾಕ್ಟೀರಿಯಗಳನ್ನು ಕುಗ್ಗಿಸುತ್ತದೆ, ಅವು ಕುಗ್ಗಿದರೆ ಉರಿಯೂತಕ್ಕೆ ತಡೆಯೂ ಕುಗ್ಗುತ್ತದೆ. ಹಲಗೆಯ ಮೇಲೆ ಬಾಣವನ್ನು ಎರಡೂ ಕಡೆಗೆ ಎಳೆಯಿರಿ.

ಯಕೃತ್ತಿನಲ್ಲಿ ಕಥೆ ತಿರುವುಮುರುವು. ಪಿತ್ತನಾಳಕ್ಕೆ ಅಡ್ಡಿಯಾದರೆ ಆಮ್ಲ ಅಲ್ಲೇ ಶೇಖರವಾಗುತ್ತದೆ. ಪೆಟ್ಟು ತಿಂದ ಯಕೃತ್ ಕೋಶಗಳು ಬಿಳಿರಕ್ತಕಣಗಳನ್ನು ಕರೆಯುತ್ತವೆ, ಅವು ಬಂದು ಹಾನಿಯನ್ನು ಹೆಚ್ಚಿಸುತ್ತವೆ. ಆದರೂ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಎಂಬ ಯಕೃತ್ತಿನ ಕಾಯಿಲೆಗೆ ಕೊಡುವ ಅರ್ಸೋಡಿಆಕ್ಸಿಕೋಲಿಕ್ ಆಮ್ಲವೂ ಒಂದು ಪಿತ್ತಾಮ್ಲವೇ. (ಕರಡಿಯ ಪಿತ್ತರಸದಲ್ಲಿ ಮೊದಲು ಸಿಕ್ಕಿದ್ದರಿಂದ ಆ ಹೆಸರು, ಲ್ಯಾಟಿನ್‌ನಲ್ಲಿ ‘ಉರ್ಸುಸ್’ ಎಂದರೆ ಕರಡಿ. ಮಕ್ಕಳು ಇದನ್ನು ಮರೆಯುವುದಿಲ್ಲ.)

ಆದ್ದರಿಂದ ‘ಒಳ್ಳೆಯ ಆಮ್ಲ, ಕೆಟ್ಟ ಆಮ್ಲ’ ಎಂಬ ಕೋಷ್ಟಕ ಪಾಠಯೋಜನೆಯಲ್ಲಿ ಬೇಡ. ಪರೀಕ್ಷೆಗೆ ಸುಲಭ, ಆದರೆ ತಪ್ಪು. ಯಾವ ಆಮ್ಲ, ಎಷ್ಟು, ಎಲ್ಲಿ ಎಂದು ಮೂರನ್ನೂ ಕೇಳಿಸಿ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ: ಕ್ರೋನ್ಸ್ ಕಾಯಿಲೆಯಿಂದ ಸಣ್ಣಕರುಳಿನ ಕೊನೆಯ ಭಾಗವನ್ನು ಕತ್ತರಿಸಿ ತೆಗೆದವರಿಗೆ ನೀರಾದ ಭೇದಿ ಏಕೆ ಆಗಬಹುದು? ಹೀರುವ ಜಾಗವೇ ಇಲ್ಲದೆ ಆಮ್ಲ ದೊಡ್ಡಕರುಳಿಗೆ ಹೋಯಿತು ಎಂಬಲ್ಲಿಗೆ ವಿದ್ಯಾರ್ಥಿ ತಾನೇ ತಲುಪಿದರೆ ಪೂರ್ಣ ಅಂಕ ಕೊಡಿ. ಅಲ್ಲಿ ಅದು ನೀರನ್ನು ಹೊರಡಿಸುತ್ತದೆ ಎಂಬ ಉಳಿದರ್ಧವನ್ನು ನೀವು ಹೇಳಿ.