ಡಿಸ್ಚಾರ್ಜ್ ಆದಮೇಲಿನ ಬಿಲ್ಲು

ಕಿಡ್ನಿಯ ಉರಿಯೂತದಿಂದ ಆಸ್ಪತ್ರೆ ಸೇರಿದ್ದಾಗ ನೋಡಲು ಬಂದವರೆಲ್ಲ ಬಿಲ್ಲಿನ ಮಾತೇ ಆಡಿದರು. ಅದರ ಬಹುಪಾಲು ವಿಮೆಯಲ್ಲೇ ತೀರಿತು. ಜೇಬಿನ ದುಡ್ಡು ಕರಗತೊಡಗಿದ್ದು ಚೆನ್ನೈನ ಮಾಂಬಲದ ಮನೆಗೆ ಬಂದಮೇಲೆ.

ನನ್ನದು ಔಷಧ ಒಗ್ಗದೆ ಬಂದ ನೆಫ್ರೈಟಿಸ್. ನೋವಿನ ಮಾತ್ರೆ, ಕೆಲವು ಆ್ಯಂಟಿಬಯೋಟಿಕ್, ಗ್ಯಾಸ್ಟ್ರಿಕ್ ಎಂದು ನುಂಗುವ ಒಮೆಪ್ರಜೋಲ್ ಕೂಡ ಇದನ್ನು ತರಬಲ್ಲವು. ಆ ಮಾತ್ರೆ ನಿಲ್ಲಿಸಿ, ಬೇಕಾದರೆ ಸ್ಟೀರಾಯ್ಡ್ ಕೊಡುತ್ತಾರೆ. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯೇಟಿನಿನ್ ಇಳಿಯಲು ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯತನಕ ರಕ್ತ, ಮೂತ್ರದ ಪರೀಕ್ಷೆ, ಡಾಕ್ಟರ ಫೀಸು, ಆಟೋ. ಎಲ್ಲವೂ ಚಿಲ್ಲರೆ ಖರ್ಚು, ಹಾಗಾಗಿಯೇ ಲೆಕ್ಕಕ್ಕೆ ಸಿಗುವುದಿಲ್ಲ. ಸಾಮಾನ್ಯವಾಗಿ ಪಾಲಿಸಿಗಳು ಡಿಸ್ಚಾರ್ಜ್ ನಂತರದ 60 ಅಥವಾ 90 ದಿನಗಳ ಚಿಕಿತ್ಸೆಯ ಖರ್ಚನ್ನೂ ಕೊಡುತ್ತವೆ. ಡಾಕ್ಟರ ಚೀಟಿ, ಬಿಲ್ಲು ಎರಡೂ ಬೇಕು. ಆಟೋ ಬಾಡಿಗೆ ಮಾತ್ರ ನಮ್ಮದೇ.

ಅಡ್ಮಿಟ್ ಆಗುವಾಗ ಮಗ, “ಅಪ್ಪಾ, ಸಿಂಗಲ್ ರೂಮೇ ತಗೊಳ್ಳೋಣ” ಎಂದ. ನಾನು ಒಪ್ಪಲಿಲ್ಲ. 5 ಲಕ್ಷದ ಪಾಲಿಸಿಯಲ್ಲಿ ರೂಮಿನ ಮಿತಿ ಶೇ. 1 ಎಂದಿದ್ದರೆ ದಿನಕ್ಕೆ 5,000 ರೂ. ನೀವು 10,000ದ ರೂಮು ಹಿಡಿದರೆ ಕೈಯಿಂದ ಹೋಗುವುದು ಹೆಚ್ಚಿನ ಬಾಡಿಗೆ ಮಾತ್ರವಲ್ಲ. ಡಾಕ್ಟರ ವಿಸಿಟ್, ನರ್ಸಿಂಗ್ ಚಾರ್ಜಿಗೂ ಅರ್ಧಕ್ಕೆ ಕತ್ತರಿ ಬೀಳಬಹುದು. ಔಷಧ, ಲ್ಯಾಬ್ ಪರೀಕ್ಷೆಗಳಿಗೆ ಈ ಕತ್ತರಿ ಇಲ್ಲ. ಈ ಷರತ್ತು ಓದದೆ ಸಹಿ ಹಾಕುವವರೇ ಹೆಚ್ಚು.

ಗುಣವಾದಮೇಲೆ ಏಜೆಂಟರೊಬ್ಬರು ಕಡಿಮೆ ಪ್ರೀಮಿಯಮ್ಮಿನ ಬೇರೆ ಕಂಪನಿ ತೋರಿಸಿದರು. ನಾನು ಕದಲಲಿಲ್ಲ. ಇದ್ದ ಪಾಲಿಸಿಯನ್ನು ಅಲ್ಲಿಗೆ ವರ್ಗಾಯಿಸಿದರೆ, ಅಂದರೆ ಪೋರ್ಟ್ ಮಾಡಿದರೆ, ಕಾಯುವ ಅವಧಿಯಲ್ಲಿ ಕಳೆದ ವರ್ಷಗಳ ಲೆಕ್ಕ ಉಳಿಯುತ್ತದೆ, ನಿಜ. ಆದರೆ ಕಿಡ್ನಿಯ ಫೈಲು ನೋಡಿ ಹೊಸ ಕಂಪನಿ ಬೇಡವೆನ್ನಬಹುದು. ಹೊಸದಾಗಿಯೇ ಪಾಲಿಸಿ ಮಾಡಿಸಿದರೆ ಹಳೆಯ ಕಾಯಿಲೆಗೆ 36 ತಿಂಗಳವರೆಗೂ ಕಾಯಬೇಕಾದೀತು. ಕ್ಲೇಮ್ ಮಾಡಿದ್ದಕ್ಕಾಗಿ ಈಗಿನ ಕಂಪನಿ ಇದ್ದ ಪಾಲಿಸಿಯನ್ನು ನವೀಕರಿಸದೆ ಬಿಡುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿಯೂ ಹೋಗಿದೆ.

ಖಾಸಗಿ ವಿಮೆ ಇಲ್ಲದವರಿಗೆ ತಮಿಳುನಾಡಿನ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆ ಇದೆ: ವರ್ಷದ ಆದಾಯ 1.2 ಲಕ್ಷದೊಳಗಿರುವ ಕುಟುಂಬಕ್ಕೆ 5 ಲಕ್ಷದವರೆಗೆ. ಇಲ್ಲಿನ ರೇಷನ್ ಕಾರ್ಡು, ಆದಾಯದ ಸರ್ಟಿಫಿಕೇಟು ಬೇಕು. ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗರ ಕಾರ್ಡು ಊರಲ್ಲೇ ಇರುತ್ತದೆ. ಅಂಥವರು ಊರಿನ ಆಯುಷ್ಮಾನ್ ಕಾರ್ಡು ಇಲ್ಲಿ ನಡೆಯುತ್ತದೆಯೇ ಎಂದು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಲಿ.